ಮಾಪ್ಸಾದ ವಕೀಲ ಮೇಡಂ: ಸುಳ್ಳು ಧೈರ್ಯ ಕೊಡಲಿಲ್ಲ, ಅದಕ್ಕೇ 4 ಸ್ಟಾರ್

ಗೋವಾದ ಮಾಪ್ಸಾ ಕೋರ್ಟಿನ ಹತ್ತಿರ ಮೊದಲ ಮಹಡಿಯಲ್ಲಿ ಈ ಮೇಡಂ ಕಚೇರಿ ಇದೆ. ಈ ವರ್ಷ 4 ಸಲ ಆ ಮೆಟ್ಟಿಲು ಹತ್ತಿದ್ದೇನೆ.

ನಾನು ಗದಗಿನವನು, ವಾಸ್ಕೋದಲ್ಲಿ ಸ್ಪೇರ್ ಪಾರ್ಟ್ಸ್ ಅಂಗಡಿ ಇಟ್ಟಿದ್ದೇನೆ. ಅಕ್ಕನ ಮಗ ವೆರ್ಣಾದಲ್ಲಿ ಕೆಲಸ ಮಾಡುತ್ತಾನೆ, ಇರೋದು ನಮ್ಮ ಮನೆಯಲ್ಲೇ. ಒಂದು ಭಾನುವಾರ ಬಾಡಿಗೆ ಸ್ಕೂಟರ್ ತಗೊಂಡು ಅಂಜುನಾಕ್ಕೆ ಹೋದ. ಅಲ್ಲಿ ಗಾಂಜಾ ಸೇದಿ, ವಾಪಸ್ ಬರುವಾಗ ಒಂದು ಕಾಂಪೌಂಡ್ ಗೋಡೆಗೆ ಗುದ್ದಿದ. ಯಾರಿಗೂ ಪೆಟ್ಟಾಗಲಿಲ್ಲ. ಪೊಲೀಸರು ಊದಿಸಿದರೆ ಮೆಷಿನ್ ಸೊನ್ನೆ ತೋರಿಸಿತು. "ಮಾಮಾ, ನಾ ಕುಡಿದಿಲ್ಲ, ಬಿಡ್ತಾರ" ಅಂತ ಫೋನ್ ಮಾಡಿದ. ಬಿಡಲಿಲ್ಲ. ಆಸ್ಪತ್ರೆಗೆ ಕರೆದೊಯ್ದು ರಕ್ತ, ಮೂತ್ರ ತೆಗೆಸಿದರು.

ಮೊದಲು ಒಬ್ಬ ಏಜೆಂಟ್ ಹತ್ತಿರ ಹೋಗಿದ್ದೆವು. 25,000 ಕೊಟ್ಟರೆ ಕೇಸೇ ಇರಲ್ಲ ಅಂದ. ಅಕ್ಕ ಊರಲ್ಲಿ ಬಳೆ ಅಡ ಇಡೋಕೂ ಸಿದ್ಧವಾಗಿದ್ದಳು. ಮೇಡಂ ಹತ್ತಿರ ಬಂದಾಗ ಅವರು ಹೇಳಿದ ಮೊದಲ ಮಾತೇ, ಇದು ರಸ್ತೆಯಲ್ಲಿ ದಂಡ ಕಟ್ಟಿ ಮುಗಿಸೋ ಕೇಸಲ್ಲ, ಕೋರ್ಟಿಗೇ ಬರಬೇಕು ಅಂತ. ಆಮೇಲೆ ನನ್ನನ್ನು ಹೊರಗೆ ಕೂರಿಸಿ ಹುಡುಗನ ಜೊತೆ ಅರ್ಧ ಗಂಟೆ ಮಾತಾಡಿದರು. ನನ್ನೆದುರು ಹೇಳದ್ದನ್ನೆಲ್ಲ ಅವನು ಅವರಿಗೆ ಹೇಳಿದ. ಇದು ನನಗೆ ತುಂಬಾ ಹಿಡಿಸಿತು.

ಮೇಡಂಗೆ ಕನ್ನಡ ಬರಲ್ಲ. ಜೂನಿಯರ್ ಖಾನಾಪುರದ ಹುಡುಗಿ, ಅವಳೇ ಬಿಡಿಸಿ ಹೇಳಿದಳು: "ಅಣ್ಣಾರ, ಊದೋ ಮೆಷಿನ್ ದಾರೂ ಅಷ್ಟ ಹಿಡೀತದ." ಮೋಟಾರು ವಾಹನ ಕಾಯ್ದೆಯ 185ನೇ ಕಲಂನಲ್ಲಿ ದಾರೂಗೆ ಲೆಕ್ಕ ಇದೆ, 100 ಎಂಎಲ್ ರಕ್ತಕ್ಕೆ 30 ಮಿಲಿಗ್ರಾಂ. ಗಾಂಜಾಗೆ ಅಂಥ ಲೆಕ್ಕವಿಲ್ಲ. ಗಾಡಿ ಹಿಡಿತದಲ್ಲಿತ್ತಾ ಇಲ್ಲವಾ ಅನ್ನೋದನ್ನೇ ನೋಡುತ್ತಾರೆ. ಗೋಡೆಗೆ ಗುದ್ದಿದ್ದು, ಡಾಕ್ಟರ್ ಬರೆದದ್ದು, ಎರಡೂ ಅವನ ವಿರುದ್ಧವೇ ಇದ್ದವು. ಮೊದಲ ಸಲಕ್ಕೆ 6 ತಿಂಗಳವರೆಗೆ ಜೈಲು, ಇಲ್ಲವೇ 10,000 ರೂಪಾಯಿ ದಂಡ, ಅಥವಾ ಎರಡೂ. ಮತ್ತೆ ಸಿಕ್ಕಿಬಿದ್ದರೆ ಜೈಲು 2 ವರ್ಷದವರೆಗೆ ಹೋಗಬಹುದು.

ಇಷ್ಟಕ್ಕೇ ಮುಗಿಯಲ್ಲ. ಗಾಂಜಾ ಸೇದುವುದೇ 1985ರ ಎನ್‌ಡಿಪಿಎಸ್ ಅಂದರೆ ಮಾದಕ ವಸ್ತು ಕಾಯ್ದೆಯಲ್ಲಿ ಬೇರೆ ಅಪರಾಧ. ಜೇಬಿನಲ್ಲಿ ಒಂದು ಪುಡಿಕೆ ಸಿಕ್ಕರೂ ಒಂದು ವರ್ಷದವರೆಗೆ ಶಿಕ್ಷೆ ಆಗಬಹುದು. ಪುಣ್ಯಕ್ಕೆ ಜೇಬು ಖಾಲಿ ಇತ್ತು, ಕೇಸ್ 185ರಲ್ಲಿ ಮಾತ್ರ ಹಾಕಿದ್ದರು. ಅವನ ವಯಸ್ಸು 23. ಈ ಶಿಕ್ಷೆಗಳನ್ನೆಲ್ಲ ಕೇಳುವಾಗ ನನ್ನ ಕೈ ತಣ್ಣಗಾಗಿತ್ತು.

ಕೊನೆಗೆ ತಪ್ಪೊಪ್ಪಿಕೊಂಡ. 10,000 ದಂಡ ಆಯಿತು, ಲೈಸೆನ್ಸ್ 3 ತಿಂಗಳು ಅಮಾನತು. ನಶೆಯಲ್ಲಿ ಓಡಿಸಿದ್ದರಿಂದ ಸ್ಕೂಟರ್ ರಿಪೇರಿಗೆ ಇನ್ಶೂರೆನ್ಸ್ ಬರಲಿಲ್ಲ. ಆ 9,000 ನಾನೇ ಕೊಟ್ಟೆ. ಈಗ ಬೆಳಿಗ್ಗೆ ಕದಂಬ ಬಸ್ಸಿನಲ್ಲಿ ಕೆಲಸಕ್ಕೆ ಹೋಗುತ್ತಾನೆ.

ಒಂದು ಸ್ಟಾರ್ ಕಡಿಮೆ ಯಾಕೆಂದರೆ, ಪ್ರತಿ ಸಲ ಎರಡು ಗಂಟೆ ಕಾಯಬೇಕಾಯಿತು. ಫೀ ರಸೀದಿಯನ್ನೂ ಕೇಳಿದ ಮೇಲೇ ಕೊಟ್ಟರು. ಮೊದಲ ಭೇಟಿಗೆ 1,500 ತಗೊಂಡರು, ಅದು ಜಾಸ್ತಿ ಅನಿಸಲಿಲ್ಲ. ಹೋಗುವವರು ಎಫ್‌ಐಆರ್ ಪ್ರತಿ, ಲೈಸೆನ್ಸ್, ಸ್ಕೂಟರ್ ಬಾಡಿಗೆ ಚೀಟಿ ತಪ್ಪದೆ ಒಯ್ಯಿರಿ. 9 ಗಂಟೆಗೇ ಹೋಗಿ, ಆಮೇಲೆ ಅವರು ಕೋರ್ಟಿಗೆ ಇಳಿಯುತ್ತಾರೆ.