ಗಾಜಿಗೆ ಗೀರು ಬಿದ್ದರೆ ಇನ್ಶೂರೆನ್ಸ್ ಇದೆಯಲ್ಲ ಅಂತ ನಾನೂ ನಂಬಿದ್ದೆ

ಮೊದಲೇ ಹೇಳಿಬಿಡುತ್ತೇನೆ, ಇದರಲ್ಲಿ ನನ್ನ ತಪ್ಪೂ ಇದೆ. ಅದನ್ನು ಮುಚ್ಚಿಟ್ಟು ಬರೆದರೆ ಓದಿದವರಿಗೆ ಏನೂ ಉಪಯೋಗವಿಲ್ಲ. ಕಿಟಕಿ ಕ್ಲೀನಿಂಗ್ ಮಾಡುವವರು, ಮಾಡಿಸುವವರು ಇಬ್ಬರೂ ಓದಿ.

ಕುಶಾಲನಗರದಲ್ಲಿ ನನ್ನದೊಂದು ಸಣ್ಣ ಕ್ಲೀನಿಂಗ್ ಕೆಲಸ. ಇಬ್ಬರು ಹುಡುಗರು, ಎರಡು ಏಣಿ, ಒಂದು ಹಳೇ ಓಮ್ನಿ. ಕೊಡಗಿನಲ್ಲಿ ಈ ಕೆಲಸಕ್ಕೆ ಬರವಿಲ್ಲ. ಮಳೆಗಾಲ ಕಳೆಯುವಷ್ಟರಲ್ಲಿ ಗಾಜಿನ ಅಂಚಿಗೆಲ್ಲ ಹಸಿರು ಪಾಚಿ ಹಿಡಿದಿರುತ್ತದೆ, ಕೆಳಗಿನ ಅರ್ಧಕ್ಕೆ ಕೆಂಪು ಮಣ್ಣು ಸಿಡಿದಿರುತ್ತದೆ. ದಸರಾ ರಜೆಗೆ ಗೆಸ್ಟ್‌ಗಳು ಬರುವ ಮುಂಚೆ ಹೋಮ್‌ಸ್ಟೇಯವರೆಲ್ಲ ಒಂದೇ ಸಲ ಫೋನ್ ಮಾಡುತ್ತಾರೆ.

ಹೋದ ವರ್ಷ ಸೆಪ್ಟೆಂಬರ್ ಕೊನೆಗೆ ಗಾಳಿಬೀಡು ಕಡೆಯಿಂದ ಒಂದು ಕೆಲಸ ಬಂತು. ಕಾಫಿ ತೋಟದ ನಡುವೆ ಹೊಸ ಹೋಮ್‌ಸ್ಟೇ, ಪೇಂಟ್ ಆಗಷ್ಟೇ ಮುಗಿದಿತ್ತು. ಕಣಿವೆ ಕಾಣುವ ಕಡೆ ಆರು ದೊಡ್ಡ ಗಾಜು, ಒಂದೊಂದೂ 6 ಅಡಿಗೆ 4 ಅಡಿ. ಮಿಕ್ಕವು ಸಣ್ಣ ಕಿಟಕಿಗಳು. 9,500 ರೂಪಾಯಿಗೆ ಮಾತಾಯಿತು. ಬರೀ ಮಾತು, ಕಾಗದ ಇಲ್ಲ. ಓನರ್ ಪರಿಚಯದವರು, ಅಣ್ಣ ಅಂತಲೇ ಕರೆಯುವುದು. ಅವರ ಹತ್ತಿರ ಸಹಿ ಹಾಕಿಸಿಕೊಳ್ಳೋದಾ ಅಂತ ಸಂಕೋಚ.

ನಾವು ಹೋದಾಗ ಬೆಳಿಗ್ಗೆ ಎಂಟು ಗಂಟೆ. ಮಂಜು ಎಷ್ಟಿತ್ತೆಂದರೆ ಅಂಗಳದಾಚೆಯ ಸಿಲ್ವರ್ ಓಕ್ ಮರವೂ ಕಾಣುತ್ತಿರಲಿಲ್ಲ. ಗಾಜಿನ ತುಂಬ ಪೇಂಟ್ ಹನಿ, ಪುಟ್ಟಿ, ಒಣಗಿದ ಸಿಮೆಂಟ್ ನೀರು. ಸೋಪ್ ನೀರು ಹಚ್ಚಿ, ಬ್ಲೇಡ್ ಓರೆ ಹಿಡಿದು ಕೆರೆದು, ವೈಪರ್ ಎಳೆಯುವುದು ನಮ್ಮ ಮಾಮೂಲಿ ರೀತಿ. ಮೂರನೇ ಗಾಜಿಗೆ ಹುಡುಗ ನಿಲ್ಲಿಸಿದ. “ಅಣ್ಣ, ಬ್ಲೇಡ್ ಕರ ಕರ ಅಂತಿದೆ.” ನಾನು ಕೈ ಆಡಿಸಿ ನೋಡಿದೆ. ತೆಳು ಉಪ್ಪುಕಾಗದ ಮುಟ್ಟಿದ ಹಾಗಿತ್ತು. “ಸಿಮೆಂಟ್ ಪುಡಿ ಕಣೋ, ನೀರು ಜಾಸ್ತಿ ಹಾಕು” ಅಂದೆ. ಅವನು ಹಾಕಿದ. ಆರೂ ಗಾಜು ಮುಗಿಸಿದೆವು.

ನಾಲ್ಕು ಗಂಟೆ ಹೊತ್ತಿಗೆ ಮಂಜು ಸರಿದು ಓರೆ ಬಿಸಿಲು ಬಿತ್ತು. ಅಣ್ಣ ನಮಗೆ ಕಾಫಿ ತಂದಿದ್ದರು. ಟ್ರೇ ಹಿಡಿದುಕೊಂಡೇ ಗಾಜಿನ ಮುಂದೆ ನಿಂತುಬಿಟ್ಟರು. ನಾನೂ ನೋಡಿದೆ. ಮೇಲಿನಿಂದ ಕೆಳಗೆ ಕೂದಲೆಳೆಯಂಥ ಗೀರುಗಳು, ನಮ್ಮ ಬ್ಲೇಡಿನ ಅಗಲಕ್ಕೆ ಸರಿಯಾಗಿ ಪಟ್ಟೆ ಪಟ್ಟೆಯಾಗಿ, ಬಾಚಣಿಗೆಯಲ್ಲಿ ಎಳೆದ ಹಾಗೆ. ಆ ಕಾಫಿ ಯಾರೂ ಕುಡಿಯಲಿಲ್ಲ.

ಅದು ಸಿಮೆಂಟ್ ಪುಡಿಯಲ್ಲ ಅಂತ ಆಮೇಲೆ ಮೈಸೂರಿನ ಗಾಜಿನ ಅಂಗಡಿಯವರು ಹೇಳಿದರು. ಆ ಗಾಜು ಟಫನ್ಡ್, ಅಂದರೆ ಕಾಯಿಸಿ ಗಟ್ಟಿ ಮಾಡಿದ್ದು. ಗಾಜನ್ನು ಅಳತೆಗೆ ಕತ್ತರಿಸಿ, ಅಂಚು ಉಜ್ಜಿ, 600 ಡಿಗ್ರಿಗೂ ಮೇಲೆ ಕಾಯಿಸಿ, ಗಾಳಿ ಊದಿ ಥಟ್ಟನೆ ತಣ್ಣಗೆ ಮಾಡುತ್ತಾರೆ. ಅಂಚು ಉಜ್ಜಿದಾಗ ಉದುರಿದ ಗಾಜಿನ ಪುಡಿಯನ್ನು ಸರಿಯಾಗಿ ತೊಳೆಯದೆ ಕುಲುಮೆಗೆ ಬಿಟ್ಟರೆ, ಆ ಕಣಗಳು ಅಲ್ಲೇ ಅಂಟಿಕೊಂಡುಬಿಡುತ್ತವೆ. ಕಣ್ಣಿಗೆ ಕಾಣುವುದಿಲ್ಲ. ಬ್ಲೇಡ್ ಹೋದಾಗ ಕಣ ಕಿತ್ತು ಬರುತ್ತದೆ, ಬ್ಲೇಡಿನ ಅಡಿ ಸಿಕ್ಕಿಕೊಂಡು ಉದ್ದಕ್ಕೂ ಗೀಚುತ್ತದೆ. ಗಾಜನ್ನು ಗಾಜೇ ಗೀರಿದ್ದು. ಅಂದರೆ ಗಾಜು ತಯಾರಿಸಿದವರ ಅರೆಬರೆ ಕೆಲಸವೂ ಇದರಲ್ಲಿ ಸೇರಿದೆ. ಆದರೆ ಬ್ಲೇಡ್ ಹಿಡಿದಿದ್ದು ನಾವು, ಕೈಗೆ ಸಿಕ್ಕಿದವರೂ ನಾವೇ.

ಎರಡು ಗಾಜಿನಲ್ಲಿ ಸುತ್ತು ಸುತ್ತಾದ ಬೇರೆ ಗೀರುಗಳಿದ್ದವು. ಬ್ಲೇಡಿನಲ್ಲಿ ಹಾಗೆ ಬೀಳುವುದೇ ಇಲ್ಲ. ಪೇಂಟಿನವರು ಉಪ್ಪುಕಾಗದದಲ್ಲಿ ಉಜ್ಜಿರಬೇಕು. ಅಣ್ಣನಿಗೆ ಹೇಳಿದೆ. “ಬೆಳಿಗ್ಗೆ ಯಾಕೆ ಹೇಳಲಿಲ್ಲ?” ಅಂದರು. ಉತ್ತರ ಇರಲಿಲ್ಲ. ಕೆಲಸಕ್ಕೆ ಮುಂಚಿನ ಒಂದು ಫೋಟೋ ಕೂಡ ನನ್ನ ಫೋನಲ್ಲಿ ಇರಲಿಲ್ಲ.

ಖರ್ಚು ಕೇಳಿ ತಲೆ ತಿರುಗಿತು. ಟಫನ್ಡ್ ಗಾಜನ್ನು ಆಮೇಲೆ ಕತ್ತರಿಸಲು ಬರುವುದಿಲ್ಲ, ಕತ್ತರಿಸಿದರೆ ಪುಡಿಪುಡಿ. ಅಳತೆ ಕೊಟ್ಟು ಹೊಸದೇ ಮಾಡಿಸಬೇಕು. 8 ಮಿಲಿಮೀಟರ್ ದಪ್ಪದ ಆ ಗಾಜು ಒಂದೊಂದೂ 45 ಕಿಲೋ ಹತ್ತಿರ. ಗಾಜು, ಮೈಸೂರಿನಿಂದ ಮೇಲೆ ತರುವ ಗಾಡಿ ಬಾಡಿಗೆ, ಕಣಿವೆ ಕಡೆ ಅಟ್ಟಣಿಗೆ ಕಟ್ಟಿ ಕೂರಿಸುವ ಕೂಲಿ, ಸಿಲಿಕಾನ್ ಎಲ್ಲ ಸೇರಿ 45 ಸಾವಿರ. ಅದಕ್ಕೆ ಮುಂಚೆ ಒಂದು ಗಾಜಿಗೆ ಸೀರಿಯಂ ಆಕ್ಸೈಡ್ ಪುಡಿ ಹಾಕಿ ಪಾಲಿಷ್ ಮಾಡಿಸಿ ನೋಡಿದೆವು. ಗೀರೇನೋ ಮಾಸಿತು, ಆದರೆ ಆ ಜಾಗದಲ್ಲಿ ಗಾಜು ತಗ್ಗಾಗಿ ಎದುರಿನ ಬೆಟ್ಟ ನೀರಲ್ಲಿ ಅಲುಗಾಡಿದ ಹಾಗೆ ಕಾಣತೊಡಗಿತು. ಬೆಟ್ಟ ನೋಡಲೆಂದೇ ದುಡ್ಡು ಕೊಟ್ಟು ಬರುವವರ ಮನೆ ಅದು.

ಆದರೂ ನನಗೆ ಒಂದು ಧೈರ್ಯ ಇತ್ತು. ಪಬ್ಲಿಕ್ ಲಯಬಿಲಿಟಿ ಪಾಲಿಸಿ, ಅಂದರೆ ನಮ್ಮ ಕೆಲಸದಿಂದ ಬೇರೆಯವರಿಗೆ ಆಗುವ ಹಾನಿಗೆ ಇರುವ ಇನ್ಶೂರೆನ್ಸ್, ಮಾಡಿಸಿದ್ದೆ. “ಕೆಲಸದ ಜಾಗದಲ್ಲಿ ಏನೇ ಡ್ಯಾಮೇಜ್ ಆದರೂ ಕವರ್ ಆಗುತ್ತೆ, ನೀವು ಆರಾಮಾಗಿರಿ” ಅಂತ ಏಜೆಂಟ್ ಹೇಳಿದ್ದ. ಆ ಧೈರ್ಯದಲ್ಲೇ ಅಣ್ಣನಿಗೆ ಅವತ್ತು ರಾತ್ರಿ ವಾಟ್ಸಾಪ್ ಮಾಡಿದೆ: “ಚಿಂತೆ ಬೇಡ ಅಣ್ಣ, ಹೊಸ ಗಾಜು ಹಾಕಿಸಿಕೊಡ್ತೀನಿ.”

ಮೂರು ವಾರಕ್ಕೆ ಕಂಪನಿಯಿಂದ ಪತ್ರ ಬಂತು. ಕ್ಲೇಮ್ ಇಲ್ಲ. ಎರಡು ಕಾರಣ ಕೊಟ್ಟಿದ್ದರು. ಒಂದು, ನೀವು ಯಾವ ವಸ್ತುವಿನ ಮೇಲೆ ಕೆಲಸ ಮಾಡುತ್ತಿದ್ದಿರೋ ಆ ವಸ್ತುವಿಗೇ ಆದ ಹಾನಿ ಪಾಲಿಸಿಯಿಂದ ಹೊರಗೆ. ಇನ್ನೊಂದು, ಕಂಪನಿಯ ಒಪ್ಪಿಗೆ ಇಲ್ಲದೆ ತಪ್ಪು ಒಪ್ಪಿಕೊಳ್ಳಬಾರದು, ದುಡ್ಡು ಕೊಡುತ್ತೇನೆಂದು ಮಾತು ಕೊಡಬಾರದು ಅಂತ ಷರತ್ತಿದೆ, ಅದನ್ನು ಮುರಿದಿದ್ದೀರಿ. ಹಾನಿ ಪರಿಶೀಲಿಸುವ ಸರ್ವೇಯರ್ ಕೇಳಿದಾಗ ಆ ವಾಟ್ಸಾಪ್ ಮೆಸೇಜನ್ನು ನಾನೇ ತೋರಿಸಿದ್ದೆ, ಎಷ್ಟು ಒಳ್ಳೆಯವನು ನೋಡಿ ಅಂತ!

ಮೊದಲನೇ ಕಾರಣ ನನಗೆ ಅರ್ಥವಾಗಲು ಎರಡು ದಿನ ಬೇಕಾಯಿತು. ನನ್ನ ಏಣಿ ಜಾರಿ ಗೆಸ್ಟ್ ಕಾರಿನ ಮೇಲೆ ಬಿದ್ದರೆ ಪಾಲಿಸಿ ಇದೆ. ನಾವು ಚೆಲ್ಲಿದ ಸೋಪ್ ನೀರಿಗೆ ಯಾರಾದರೂ ಜಾರಿ ಕಾಲು ಮುರಿದುಕೊಂಡರೂ ಇದೆ. ನಾನು ಒರೆಸುತ್ತಿರುವ ಗಾಜಿಗೆ ಮಾತ್ರ ಇಲ್ಲ. ಕೆಲಸ ಕೆಡುವುದು ನಿನ್ನ ವ್ಯಾಪಾರದ ರಿಸ್ಕ್, ಅದನ್ನು ನೀನೇ ಹೊರು ಅನ್ನುವುದು ಅವರ ಲೆಕ್ಕ. ಲೆಕ್ಕ ತಪ್ಪು ಅಂತ ನಾನು ಹೇಳುವುದಿಲ್ಲ. ಆದರೆ ಗಾಜು ಒರೆಸುವವನಿಗೆ ಗಾಜು ಬಿಟ್ಟು ಮಿಕ್ಕಿದ್ದಕ್ಕೆಲ್ಲ ಪಾಲಿಸಿ ಮಾರುವಾಗ ಬಾಯಿಬಿಟ್ಟು ಹೇಳಬೇಕಲ್ವಾ? ಹುಡುಗರಿಗಾಗಿ ಬೇರೆ ಮಾಡಿಸಿದ್ದ ಪಾಲಿಸಿ ಅವರು ಬಿದ್ದು ಪೆಟ್ಟಾದರೆ ಮಾತ್ರ. ಗಾಜಿಗೂ ಅದಕ್ಕೂ ಸಂಬಂಧವಿಲ್ಲ.

ತಮಾಷೆ ಅಂದರೆ ಅಣ್ಣನ ಹತ್ತಿರವೂ ಗಾಜಿನ ಪಾಲಿಸಿ ಇತ್ತು. ಇಬ್ಬರೂ ಕೂತು ಓದಿದೆವು. ಗಾಜು ಪೂರ್ತಿ ದಪ್ಪಕ್ಕೆ ಬಿರುಕು ಬಿಟ್ಟರೆ ಅಥವಾ ಒಡೆದರೆ ಮಾತ್ರ ದುಡ್ಡು, ಗೀರಿಗೆ ಇಲ್ಲ ಅಂತ ಸ್ಪಷ್ಟವಾಗಿ ಬರೆದಿತ್ತು. “ಒಂದು ಕಲ್ಲು ಎತ್ತಿ ಹಾಕಿದ್ದರೆ ಚೆನ್ನಾಗಿತ್ತು ನೋಡು” ಅಂದರು. ಅಷ್ಟೆಲ್ಲ ಆದಮೇಲೆ ಅವರು ನಕ್ಕಿದ್ದು ಅದೊಂದೇ ಸಲ.

ಬೆಂಗಳೂರಿನಲ್ಲಿ ಇನ್ಶೂರೆನ್ಸ್ ಓಂಬುಡ್ಸ್‌ಮನ್, ಅಂದರೆ ಇನ್ಶೂರೆನ್ಸ್ ಕಂಪನಿಗಳ ಮೇಲಿನ ದೂರು ಕೇಳಿ ಬಗೆಹರಿಸುವವರು, ಇದ್ದಾರೆ. ನನ್ನಂಥ ಒಬ್ಬಂಟಿ ವ್ಯಾಪಾರಿಯೂ ದೂರು ಕೊಡಬಹುದು, ಫೀಸ್ ಇಲ್ಲ. ಮೊದಲು ಕಂಪನಿಗೇ ಬರೆದು ದೂರು ಕೊಟ್ಟಿರಬೇಕು. ಮಡಿಕೇರಿಯ ಪರಿಚಯದ ವಕೀಲರಿಗೆ ಪಾಲಿಸಿ ತೋರಿಸಿದೆ. ಷರತ್ತು ಅಚ್ಚಾಗಿದೆ, ಏಜೆಂಟ್ ಬಾಯಲ್ಲಿ ಹೇಳಿದ್ದಕ್ಕೆ ಸಾಕ್ಷಿ ಎಲ್ಲಿ ಅಂದರು. ಸುಮ್ಮನಾದೆ.

ಈಗ ನಾನು ಮಾಡುವುದು ಬೇರೆ. ಗಾಜಿನ ಮೂಲೆಯಲ್ಲಿ ಟಫನ್ಡ್ ಅಂತ ಸಣ್ಣ ಮುದ್ರೆ ಇದೆಯಾ ನೋಡುತ್ತೇನೆ. ಇದ್ದರೆ ಒದ್ದೆ ಮಾಡಿ ಬೆರಳು ಆಡಿಸುತ್ತೇನೆ. ಎಷ್ಟೋ ಸಲ ಒಂದು ಮೈ ನುಣುಪು, ಇನ್ನೊಂದು ಮೈ ತರಿತರಿ ಇರುತ್ತದೆ. ತರಿ ಸಿಕ್ಕರೆ ಬ್ಲೇಡ್ ಹೊರಗೆ ತೆಗೆಯುವುದೇ ಇಲ್ಲ, ನೆನೆಸಿ ಬಟ್ಟೆಯಲ್ಲಿ ಎಷ್ಟು ಹೋಗುತ್ತದೋ ಅಷ್ಟು. ಮೊಬೈಲ್ ಟಾರ್ಚ್ ಓರೆ ಹಿಡಿದು ಮೊದಲೇ ಇರುವ ಗೀರುಗಳ ವಿಡಿಯೋ ಮಾಡಿ ಓನರ್‌ಗೆ ಕಳಿಸುತ್ತೇನೆ. ಅಮೆರಿಕದಲ್ಲಿ ಕಿಟಕಿ ಕ್ಲೀನಿಂಗ್‌ನವರು ಕಟ್ಟಡ ಕೆಲಸದ ಕೊಳೆ ತೆಗೆಯುವ ಮುಂಚೆ, ಗೀರು ಬಿದ್ದರೆ ಜವಾಬ್ದಾರಿ ನಮ್ಮದಲ್ಲ ಅಂತ ಸಹಿ ಮಾಡಿಸಿಕೊಳ್ಳುತ್ತಾರಂತೆ. ನಾನೂ ಕನ್ನಡದಲ್ಲಿ ಅರ್ಧ ಪುಟ ಟೈಪ್ ಮಾಡಿಸಿದ್ದೇನೆ. ಸಹಿ ಕೇಳಿದಾಗ ಮುಖ ಗಂಟು ಹಾಕಿದವರು ಇದ್ದಾರೆ. ಎರಡು ಕೆಲಸ ಕೈಬಿಟ್ಟೂ ಹೋಯಿತು. ಹೋಗಲಿ.

ಕೊನೆಗೆ ಅಣ್ಣ ನನ್ನ 9,500 ಕೊಡಲಿಲ್ಲ, ಅದರ ಮೇಲೆ 22 ಸಾವಿರ ಕೊಡು ಸಾಕು ಅಂದರು. ಕಂತಿನಲ್ಲಿ ಕೊಟ್ಟು ಮುಗಿಸಿದೆ. ಮೂರು ಗಾಜು ಬದಲಾಯಿತು, ಮೂರು ಹಾಗೇ ಇವೆ.

ಹೋದ ವಾರ ಪಾಲಿಸಿ ರಿನ್ಯೂವಲ್ ಮೆಸೇಜ್ ಬಂತು. ಹೆಚ್ಚಿಗೆ ಪ್ರೀಮಿಯಂ ತೆಗೆದುಕೊಂಡು, ಕೆಲಸ ಮಾಡುವ ವಸ್ತುವಿನ ಹಾನಿಯನ್ನೂ ಸೇರಿಸಿ ಕೊಡುವುದಾದರೆ ಪಾಲಿಸಿಯಲ್ಲೇ ಬರೆದು ಕೊಡಿ, ಇಲ್ಲದಿದ್ದರೆ ಇಲ್ಲ ಅಂತಾದರೂ ಬರೆದು ಕಳಿಸಿ ಅಂತ ಏಜೆಂಟ್‌ಗೆ ವಾಟ್ಸಾಪ್ ಮಾಡಿದ್ದೇನೆ. ಎರಡು ನೀಲಿ ಟಿಕ್ ಬಿದ್ದು ಐದು ದಿನ ಆಯಿತು. ಉತ್ತರ ಇಲ್ಲ.