ಬೋಟಿನ ಎಸಿಗೆ ಗಾಳಿ ಜಾಸ್ತಿ ಮಾಡಿಸ್ಲಿಕ್ಕೆ ಹೋಗಿ ನಾನು ಮೋಸ ಹೋದೆ, ನೀವು ಹೋಗ್ಬೇಡಿ

ದುಬೈ, ಶಾರ್ಜಾದಲ್ಲಿ ಬೋಟ್ ಇಟ್ಕೊಂಡಿರುವ ನಮ್ಮ ಊರಿನವರು ದಯವಿಟ್ಟು ಓದಿ. ಬರೀಲಿಕ್ಕೆ ನಾಚಿಕೆ ಆಗ್ತದೆ, ಆದ್ರೂ ಬರೀತೇನೆ, ಇದು ಬರೀ ದುಡ್ಡಿನ ವಿಷಯ ಅಲ್ಲ.

ನಾವು ಮೂರು ಜನ ಸೇರಿ ತಗೊಂಡ 28 ಅಡಿಯ ಹಳೆ ಕ್ಯಾಬಿನ್ ಬೋಟ್. ಆಗಸ್ಟಲ್ಲಿ ಇಲ್ಲಿ ಸಮುದ್ರದ ನೀರೇ ಬಿಸಿ, ಆ ನೀರಿಂದಲೇ ತಣಿಯುವ ಎಸಿ, ಸ್ವಲ್ಪ ಸೋಲ್ತದೆ ಅಂತ ಗೊತ್ತಿತ್ತು. ಆದ್ರೆ ನಮ್ಮದ್ರಲ್ಲಿ ತಂಪೇನೋ ಇತ್ತು, ಗಾಳಿಯೇ ಇಲ್ಲ, ಜಾಲಿಗೆ ಟಿಶ್ಯೂ ಹಿಡಿದ್ರೆ ಅಲ್ಲಾಡ್ತಿರ್ಲಿಲ್ಲ. ಮಂಗಳೂರು ಕಡೆಯವನೇ ಒಬ್ಬ ಎಸಿ ಕೆಲಸದವ ಸಿಕ್ಕಿದ, ಊರಿನವ ಅಂತ ಉಳಿದ ಇಬ್ಬರನ್ನು ನಾನೇ ಒಪ್ಪಿಸಿದ್ದು. "ಎಸಿಯ ಬ್ಲೋವರ್ ಫ್ಯಾನ್ ಸಾಲದು ಅಣ್ಣ, ಇನ್ನೊಂದು ಬೂಸ್ಟರ್ ಫ್ಯಾನ್ ಹಾಕಿ ಗಾಳಿ ಬರುವ ಪೈಪು, ಡಕ್ಟ್, ಹೊಸತು ಮಾಡುವ, ಆಮೇಲೆ ನೋಡಿ" ಅಂದ. 2,400 ದಿರ್ಹಮ್. ಪೂರ್ತಿ ಮೊದಲೇ ಕೊಟ್ಟೆ!!

ಮೊದಲ ದಿನ ಗಾಳಿ ಜೋರೇ ಬಂತು. ಮರುವಾರ ಫ್ಯಾಮಿಲಿ ಕರ್ಕೊಂಡು ಹೋಗಿ ಆಂಕರ್ ಹಾಕಿ, ಜನರೇಟರ್ ಓಡಿಸಿ, ಎಸಿ ಹಾಕಿ ಮಲಗಿದ್ದು. ರಾತ್ರಿ ಒಂದು ಗಂಟೆಗೆ ಮಗಳು ಎದ್ದು ತಲೆನೋವು ಅಂತ ಅಳು, ಮತ್ತೆ ವಾಂತಿ. ಕ್ಯಾಬಿನ್ ಇಡೀ ಡೀಸೆಲ್ ಹೊಗೆ ವಾಸನೆ. ಎಲ್ಲ ಆಫ್ ಮಾಡಿ ಬೆಳಗ್ಗಿನ ತನಕ ಆ ಸೆಕೆಯಲ್ಲಿ ಡೆಕ್ಕಲ್ಲೇ ಕೂತದ್ದು.

ಫೋನ್ ಮಾಡಿದ್ರೆ, "ಬೋಟ್ ಅಂದ್ರೆ ಡೀಸೆಲ್ ವಾಸನೆ ಬರ್ತದೆ ಅಣ್ಣ, ಅದಕ್ಕೆ ಎಂತ ಮಾಡ್ಲಿಕ್ಕೆ ಆಗ್ತದೆ" ಅಂತೆ.

ಎಸಿ ಇರುವ ಸೀಟಿನ ಕೆಳಗಿನ ಹಲಗೆ ಬಿಚ್ಚಿದೆ, ನೋಡಿ ಕೈಕಾಲು ತಣ್ಣಗಾಯ್ತು. ಎಸಿ ವಾಪಸ್ ಎಳ್ಕೊಳ್ಳುವ ಗಾಳಿ ಸಾಲದು ಅಂತ ಕ್ಯಾಬಿನ್ ಕಡೆಯ ಜಾಲಿ ದೊಡ್ಡದು ಮಾಡುವುದು ಬಿಟ್ಟು, ಹಿಂದಿನ ಗೋಡೆಗೆ, ಇಂಜಿನ್ ರೂಮಿನ ಗೋಡೆಗೆ, ಅಂಗೈ ಅಗಲದ ತೂತು ಕೊರೆದಿದ್ದಾನೆ. ಕೊರೆದ ಫೈಬರ್ ಪುಡಿ ಕೂಡ ಗುಡಿಸ್ಲಿಲ್ಲ, ಅಲ್ಲೇ ಬಿದ್ದಿತ್ತು. ಜನರೇಟರ್ ಇರುವುದೂ ಆ ರೂಮಲ್ಲೇ! ಅಲ್ಲಿನ ಗಾಳಿ ಎಳೆದು ನನ್ನ ಮಕ್ಕಳ ಮುಖಕ್ಕೆ ಬಿಡ್ತಾ ಇತ್ತು ಮಾರಾಯ್ರೆ. ಹೊಸ ಡಕ್ಟ್ ಕಥೆ ಕೇಳಿ, ಎರಡು ಮೀಟರ್ ಸಾಕಾಗುವಲ್ಲಿ ನಾಲ್ಕು ಮೀಟರ್ ಪೈಪು, ಕತ್ತರಿಸದೆ ಸುರುಳಿ ಸುತ್ತಿ ಲೈಫ್ ಜಾಕೆಟ್ ಹಿಂದೆ ತುರುಕಿದ್ದು, ಒಂದು ಕಡೆ ಪೂರ್ತಿ ಚಪ್ಪಟೆ.

ಫೋಟೋ ಕಳಿಸಿದೆ. "ಗಾಳಿ ಬೇಕು ಅಂತ ಕೇಳಿದ್ದು ನೀವೇ ಅಲ್ವಾ" ಅಂತ ರಿಪ್ಲೈ. ಗಾಳಿ ಬೇಕು ಅಂತ ಕೇಳಿದ್ದು ನಾನೇ ಅಂತೆ!! ದುಡ್ಡು ವಾಪಸ್ ಕೊಡು ಅಂದದ್ದಕ್ಕೆ "ಫ್ಯಾನ್ ತಿರುಗ್ತಾ ಉಂಟಲ್ಲ?" ಅಷ್ಟೇ, ಆಮೇಲೆ ಬ್ಲಾಕ್.

ಈಗ ಬೇರೆಯವರಿಂದ ತೂತು ಮುಚ್ಚಿಸಿ, ಡಕ್ಟ್ ಕತ್ತರಿಸಿ ನೇರ ಎಳೆದು, ಕ್ಯಾಬಿನ್ ಕಡೆ ಜಾಲಿ ದೊಡ್ಡದು ಮಾಡಿಸಿದೆ. ಬೂಸ್ಟರ್ ತೆಗೆದು ಬಿಸಾಡಿದ್ರೂ ಗಾಳಿ ಚೆನ್ನಾಗಿ ಬರ್ತಾ ಉಂಟು. ಅಂದ್ರೆ ಆ ಫ್ಯಾನ್ ಬೇಕಾಗಿಯೇ ಇರ್ಲಿಲ್ಲ. ಉಳಿದ ಇಬ್ಬರ ಪಾಲಿನ 1,600 ದಿರ್ಹಮ್ ನನ್ನ ಕೈಯಿಂದಲೇ ಕೊಟ್ಟೆ, ಬೇಡ ಅಂದ್ರು, ಆದ್ರೆ ಅವರ ಮುಖ ನೋಡ್ಲಿಕ್ಕೆ ಆಗ್ಬೇಕಲ್ಲ.

ಎಸಿ ಕೆಲಸ ಮಾಡಿಸುವವರು ಹಲಗೆ ಮುಚ್ಚುವ ಮೊದಲು ನಿಂತು ನೋಡಿ, ಎಸಿ ಎಲ್ಲಿಂದ ಗಾಳಿ ಎಳೀತದೆ ಅಂತ ನೋಡಿ, ಅದು ನೋಡದೆ ದುಡ್ಡು ಕೊಡ್ಬೇಡಿ, ಊರಿನವನಾದ್ರೂ ಕೊಡ್ಬೇಡಿ. ಮತ್ತೆ ಕಾರ್ಬನ್ ಮೊನಾಕ್ಸೈಡ್, ಅಂದ್ರೆ ಇಂಜಿನ್ ಹೊಗೆಯಲ್ಲಿರುವ ವಿಷದ ಗ್ಯಾಸ್, ಅದರ ಅಲಾರಾಂ ಇವತ್ತೇ ಹಾಕಿಸಿ. ನಮಗೆ ಡೀಸೆಲ್ ವಾಸನೆಯಾದ್ರೂ ಬಂತು, ಆ ಗ್ಯಾಸಿಗೆ ವಾಸನೆಯೇ ಇಲ್ಲ.