ರಾಮೇಶ್ವರಕ್ಕೆ ಹೋದರೆ ಕೈಟ್‌ಸರ್ಫಿಂಗೋ, ವಿಂಡ್‌ಸರ್ಫಿಂಗೋ?

ಕೈಟ್‌ಸರ್ಫಿಂಗಿನಲ್ಲಿ ದಾರ ಕಟ್ಟಿದ ದೊಡ್ಡ ಗಾಳಿಪಟ (ಕೈಟ್) ನಿಮ್ಮನ್ನು ಹಲಗೆಯ ಮೇಲೆ ಎಳೆಯುತ್ತದೆ, ವಿಂಡ್‌ಸರ್ಫಿಂಗಿನಲ್ಲಿ ಹಲಗೆಗೇ ಕಂಬ, ಹಾಯಿ ಇರುತ್ತವೆ. ನೈಋತ್ಯ ಮುಂಗಾರಿನ ಗಾಳಿ, ಚಳಿಗಾಲದ ಈಶಾನ್ಯ ಗಾಳಿ ಎರಡೂ ಅಲ್ಲಿ ಸಿಗುತ್ತವೆ. ಗಾಳಿ 12 ನಾಟ್ (ಗಂಟೆಗೆ ಸುಮಾರು 22 ಕಿ.ಮೀ.) ಇದ್ದರೆ ದೊಡ್ಡ ಕೈಟ್ ಚೆನ್ನಾಗಿ ಎಳೆಯುತ್ತದೆ. ವಿಂಡ್‌ಸರ್ಫಿಂಗಿನ ಹಲಗೆ ನೀರಿನ ಮೇಲೆ ಜಾರಿಕೊಂಡು ಓಡಬೇಕಾದರೆ ಸುಮಾರು 15 ಬೇಕು. ವಿಂಡ್‌ಸರ್ಫಿಂಗ್ ಕಲಿಯುವವರಿಗೆ ಮಾತ್ರ ಮಂದ ಗಾಳಿಯೇ ಒಳ್ಳೆಯದು. ಅಗಲ ಹಲಗೆಯ ಮೇಲೆ ಮೊದಲ ದಿನವೇ ನಿಂತು ಸ್ವಲ್ಪ ದೂರ ಸಾಗಬಹುದು. ಕೈಟಾದರೆ ಮೊದಲು ಮರಳಿನಲ್ಲೇ ಕೈ ಪಳಗಬೇಕು.

ಸಾಮಾನು? ಕೈಟ್ ಮಡಚಿದರೆ ಬೆನ್ನಿಗೇರಿಸುವ ಒಂದು ಚೀಲ. ಹಾಯಿ, ಕಂಬ, ಹಲಗೆಯನ್ನು ರೈಲಿಗೆ ಹತ್ತಿಸುವುದು ದೊಡ್ಡ ಪಾಡು, ಅಲ್ಲೇ ಬಾಡಿಗೆಗೆ ಸಿಗುತ್ತದೆಯೇ ಎಂದು ಮೊದಲೇ ಕೇಳಿಕೊಳ್ಳಿ.

ನನಗೆ ಮುಖ್ಯವೆನಿಸುವುದು ಸುರಕ್ಷತೆ. ಕೈಟಿನ ದಾರಗಳು 20 ಮೀಟರಿನಷ್ಟು ಉದ್ದ. ದೋಣಿ, ಬಲೆಗಳಿರುವ ದಂಡೆಯಲ್ಲಿ ಹಾರಿಸಲೇಬೇಡಿ. ಗಾಳಿ ನಿಂತರೆ ಕೈಟ್ ನೀರಿಗೆ ಬೀಳುತ್ತದೆ, ಹಲಗೆಯಾದರೆ ಹತ್ತಿ ಕೂರಬಹುದು. ಈಜು ಎರಡಕ್ಕೂ ಬೇಕು. ಎರಡೇ ದಿನದ ರಜೆಯಾದರೆ ವಿಂಡ್‌ಸರ್ಫಿಂಗ್. ವಾರವಿದ್ದು, ಹತ್ತಿರ ಗುರುವಿದ್ದರೆ ಕೈಟ್.